ಉದಾಸೀನಕ್ಕೂ ಒಬ್ಬ ಡಾಕ್ಟ್ರು ಬೇಕು

ನಮ್ಮ ಅಲೆವೂರಿನ ಕಡೆ ಗಂಡಸರು ಮೈಯ ಬಗ್ಗೆ ಬಾಯಿಬಿಡುವುದೇ ಕಡಿಮೆ. ಬಿಟ್ಟರೂ ಒಂದೇ ಮಾತು: ‘ಎಂತದೋ ಉದಾಸೀನ ಮಾರಾಯ್ರೆ.’ ಘಟ್ಟದ ಮೇಲಿನವರಿಗೆ ಉದಾಸೀನವೆಂದರೆ ಅಲಕ್ಷ್ಯ. ನಮಗೆ ಅದು ಮೈ ಏಳದಿರುವುದು, ಕೆಲಸಕ್ಕೆ ಮನಸ್ಸು ಬಾರದಿರುವುದು. ತುಳುವಿನಲ್ಲಾದರೆ ‘ಬಚ್ಚುಂಡು’. ಈ ಒಂದು ಮಾತಿನ ಒಳಗೆ ಸಕ್ಕರೆ ಕಾಯಿಲೆ ಇರಬಹುದು, ಥೈರಾಯ್ಡ್ ಇರಬಹುದು, ಹೆಂಡತಿಯ ಹತ್ತಿರವೂ ಹೇಳಿಕೊಳ್ಳಲಾಗದ ಸಂಗತಿ ಇರಬಹುದು. ಕೆಲವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಕೊರತೆಯೂ ಇರುತ್ತದೆ.

ದುಬೈಯಿಂದ ರಜೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ರಕ್ತದ ರಿಪೋರ್ಟ್ ತೋರಿಸಿ ಕೇಳಿದ: ‘ಮಾಷ್ಟ್ರೇ, ಟೆಸ್ಟೋಸ್ಟೆರಾನ್ ಕಡಿಮೆ ಉಂಟಂತೆ. ಇಂಜೆಕ್ಷನ್ ಕೊಡುವ ಒಳ್ಳೆಯ ಡಾಕ್ಟ್ರು ಯಾರಿದ್ದಾರೆ?’ ನಾನು ಜೀವಶಾಸ್ತ್ರ ಕಲಿಸಿದವನು, ವೈದ್ಯನಲ್ಲ. ಅವನಿಗೆ ಹೇಳಿದ್ದನ್ನೇ, ಇದರ ಬಗ್ಗೆ ಏನೂ ತಿಳಿಯದವರಿಗಾಗಿ ಇಲ್ಲಿ ನಿಧಾನಕ್ಕೆ ಹೇಳುತ್ತೇನೆ.

ಹೆಡ್‌ಮಾಷ್ಟ್ರ ಗಂಟೆ

ಗಂಡಸರಲ್ಲಿ ಟೆಸ್ಟೋಸ್ಟೆರಾನ್ ತಯಾರಾಗುವುದು ಮುಖ್ಯವಾಗಿ ವೃಷಣಗಳಲ್ಲಿ. ಆದರೆ ಅಪ್ಪಣೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಅದನ್ನು ಶಾಲೆಯ ಹೆಡ್‌ಮಾಷ್ಟ್ರು ಎಂದುಕೊಳ್ಳಿ. ಅವರು ಬಾರಿಸುವ ಗಂಟೆಯ ಹೆಸರು ಎಲ್‌ಎಚ್. ಗಂಟೆ ಜೋರಾಗಿ ಬಾರಿಸುತ್ತಿದ್ದರೂ ತರಗತಿ ನಡೆಯುತ್ತಿಲ್ಲವೆಂದರೆ ತೊಂದರೆ ಇರುವುದು ವೃಷಣದಲ್ಲಿ. ಕೆಪ್ಪಟರಾಯ (ಮಂಪ್ಸ್) ವೃಷಣಕ್ಕೆ ಇಳಿದು ಹಾನಿ ಮಾಡಿರಬಹುದು, ಪೆಟ್ಟು ಬಿದ್ದಿರಬಹುದು, ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಸ್ಥಿತಿಯೂ ಇರಬಹುದು. ಗಂಟೆಯೇ ಕೇಳಿಸದಿದ್ದರೆ ನೋಡಬೇಕಾದದ್ದು ಹೆಡ್‌ಮಾಷ್ಟ್ರ ಕೋಣೆಯನ್ನು. ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ, ಪ್ರೊಲ್ಯಾಕ್ಟಿನ್ ಏರಿಕೆ, ಬೊಜ್ಜು, ಸಕ್ಕರೆ ಕಾಯಿಲೆ, ಕೆಲವು ನೋವುನಿವಾರಕ ಔಷಧಗಳು, ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್, ಹೀಗೆ ಕಾರಣಗಳು ಹಲವು.

ಹಾಗಾಗಿ ‘ಕಡಿಮೆ ಉಂಟು’ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಯಾಕೆ ಕಡಿಮೆ ಎಂದು ಕೇಳದೆ ಇಂಜೆಕ್ಷನ್ ಕೊಟ್ಟರೆ, ಪಿಟ್ಯುಟರಿಯ ಗಡ್ಡೆ ಹಾಗೆಯೇ ಉಳಿದುಬಿಡುತ್ತದೆ.

ಇದೇ ಹೋಲಿಕೆಯಲ್ಲಿ ಇನ್ನೊಂದು ಪಾಠವೂ ಇದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ಹೆಡ್‌ಮಾಷ್ಟ್ರು ‘ಕೆಲಸ ನಡೆಯುತ್ತಿದೆಯಲ್ಲ’ ಎಂದುಕೊಂಡು ಗಂಟೆ ನಿಲ್ಲಿಸುತ್ತಾರೆ. ಆಗ ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಉತ್ಪತ್ತಿ ತೀರಾ ಇಳಿಯುತ್ತದೆ, ಕೆಲವರಲ್ಲಿ ನಿಂತೇ ಹೋಗುತ್ತದೆ. ಔಷಧ ಬಿಟ್ಟ ಮೇಲೂ ಮೊದಲಿನಂತಾಗಲು ತಿಂಗಳುಗಳು ಹಿಡಿಯುತ್ತವೆ. ಮಗು ಬೇಕೆಂದಿರುವವರು ಮೊದಲ ಭೇಟಿಯಲ್ಲೇ ಅದನ್ನು ಹೇಳಬೇಕು. ಪಿಟ್ಯುಟರಿಯ ಕಡೆಯಿಂದ ಕೊರತೆ ಬಂದಿದ್ದರೆ ಅವರಿಗೆ ಗಂಟೆಯ ಕೆಲಸವನ್ನೇ ಮಾಡುವ ಬೇರೆ ಇಂಜೆಕ್ಷನ್‌ಗಳಿವೆ.

ಬೆಳಗಿನ ಮೊದಲ ಬಸ್ಸು

ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಮುಖ. ತಿಂಡಿ ತಿಂದರೂ ಇಳಿಯುತ್ತದೆ, ಜ್ವರ ಬಂದರೂ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಆರೋಗ್ಯ ಸರಿಯಿರುವ ದಿನ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಅದೇ ರೀತಿ ಮತ್ತೊಮ್ಮೆ ಪರೀಕ್ಷೆ. ಎರಡೂ ಸಲ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎಂದು ಹೇಳಬಹುದು. ಮಲ್ಪೆಯ ಬೋಟಿನಲ್ಲಿ ರಾತ್ರಿಯೆಲ್ಲ ದುಡಿಯುವವರು, ರಾತ್ರಿಪಾಳಿಯವರು ತಮ್ಮ ನಿದ್ದೆಯ ಹೊತ್ತನ್ನು ಡಾಕ್ಟರಿಗೆ ಮೊದಲೇ ಹೇಳುವುದು ಒಳ್ಳೆಯದು.

ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ 300 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಗಮನ ಕೊಡುತ್ತಾರೆ. ಅಳತೆಯ ಮಾನ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಒಂದು ಕಡೆ 300 ಎಂದಿರುವುದು ಮಿಲಿಲೀಟರ್ ಲೆಕ್ಕದಲ್ಲಿ 3 ಆಗುತ್ತದೆ, ನ್ಯಾನೊಮೋಲ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 10.4. ‘ನಂದು ಮೂರೇ ಉಂಟು!’ ಎಂದು ಹೆದರುವ ಮೊದಲು ಪಕ್ಕದಲ್ಲಿ ಬರೆದಿರುವ ಮಾನವನ್ನು ಓದಿ.

ಇನ್ನೂ ಒಂದು ಸೂಕ್ಷ್ಮವಿದೆ. ರಕ್ತದ ಟೆಸ್ಟೋಸ್ಟೆರಾನಿನಲ್ಲಿ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡು ತಿರುಗುತ್ತಿರುತ್ತದೆ. ಉಡುಪಿ ಬಸ್ಸಿನಲ್ಲಿ ಕೂತ ಪ್ರಯಾಣಿಕರಂತೆ. ಬಿಡಿಯಾಗಿ ಇಳಿದು ನಡೆಯುತ್ತಿರುವುದು ಶೇಕಡಾ 2ರ ಆಸುಪಾಸು ಮಾತ್ರ. ಬೊಜ್ಜು ಇರುವವರಲ್ಲಿ ಬಸ್ಸುಗಳೇ ಕಡಿಮೆ. ಹಾಗಾಗಿ ಒಟ್ಟು ಲೆಕ್ಕ ಕಡಿಮೆ ಕಂಡರೂ ಕೆಲಸಕ್ಕೆ ಇಳಿದವರು ಸಾಕಷ್ಟು ಇರಬಹುದು. ಎಸ್‌ಎಚ್‌ಬಿಜಿ ಎಂಬ ಪರೀಕ್ಷೆಯನ್ನು ಡಾಕ್ಟ್ರು ಬರೆದರೆ ಅದು ದುಡ್ಡು ಕೀಳುವ ಉಪಾಯವಲ್ಲ, ಬಸ್ಸು ಎಣಿಸುವ ಕೆಲಸ.

ಹೋಗುವುದು ಎಲ್ಲಿಗೆ?

ಮೊದಲು ನಿಮ್ಮ ಮನೆ ಡಾಕ್ಟರ ಹತ್ತಿರ. ಸಕ್ಕರೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವುಗಳನ್ನು ಅಲ್ಲೇ ನೋಡಿಕೊಳ್ಳಬಹುದು. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೂ ಈ ಮೊದಲ ಹೆಜ್ಜೆ ಸಾಧ್ಯ. ಮುಂದಿನದ್ದು ಹಾರ್ಮೋನು ತಜ್ಞರ, ಅಂದರೆ ಎಂಡೋಕ್ರೈನಾಲಜಿಸ್ಟರ ಕೆಲಸ. ಮಕ್ಕಳಾಗದ ತೊಂದರೆ ಅಥವಾ ಪ್ರಾಸ್ಟೇಟ್ ಸಮಸ್ಯೆ ಇದ್ದರೆ ಯೂರಾಲಜಿಸ್ಟರದ್ದು. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಣಿಪಾಲದಲ್ಲಿದೆ, ಅಲ್ಲಿನ ಆಸ್ಪತ್ರೆಯಲ್ಲಿ ಎರಡೂ ವಿಭಾಗಗಳಿವೆ. ಅಲೆವೂರಿನಿಂದ ಗುಡ್ಡ ಹತ್ತಿದರೆ ಸಾಕು. ಕಾಪು, ಕಾರ್ಕಳದವರಿಗೂ ಒಂದು ಬೆಳಗಿನ ಪ್ರಯಾಣ.

ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ‘ಗಂಡಸ್ತನ’ ಮರಳಿಸುವ ಜಾಹೀರಾತುಗಳನ್ನು ನೀವೂ ಕಂಡಿದ್ದೀರಿ. ಈ ಆಸೆ ಹಳೆಯದು. 1889ರಲ್ಲಿ ಬ್ರೌನ್ ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ ತನ್ನ 72ನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ಚುಚ್ಚಿಕೊಂಡು, ಯೌವನ ಮರಳಿತೆಂದು ಪ್ಯಾರಿಸಿನಲ್ಲಿ ಸಾರಿದ. ಆ ನೀರಿನಂಥ ರಸದಲ್ಲಿ ಹಾರ್ಮೋನು ಇದ್ದದ್ದೇ ಅತ್ಯಲ್ಪ. ಅವನಿಗೆ ಬಲ ಕೊಟ್ಟದ್ದು ನಂಬಿಕೆ. ನಿಜವಾದ ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿದ್ದು, ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಗೋಡೆಯ ಮೇಲಿನ ಪೋಸ್ಟರು ಇನ್ನೂ 1889ರಲ್ಲೇ ಇದೆ. ಚೀಟಿಯಲ್ಲಿ ಡಾಕ್ಟರ ಪದವಿ ಮತ್ತು ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಲು ನಾಚಿಕೆ ಬೇಡ. ಆಯುರ್ವೇದದ ಲೇಹ್ಯವೋ ಅಂಗಡಿಯ ಪುಡಿಯೋ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ.

ಜತೆಗೆ ನಿಲ್ಲುವವರ ಗುರುತು

‘ವಯಸ್ಸಾಯ್ತಲ್ಲ, ಇನ್ನೆಂತ ಬೇಕು?’ ಎಂದು ನಕ್ಕು ಕಳಿಸುವವರಲ್ಲಿ ಎರಡನೇ ಸಲ ಹೋಗಬೇಕಾಗಿಲ್ಲ. ಒಂದೇ ರಿಪೋರ್ಟ್ ನೋಡಿ ಅದೇ ದಿನ ಸೂಜಿ ತೆಗೆಯುವವರಲ್ಲಿಗೂ ಅಷ್ಟೇ. ಒಳ್ಳೆಯ ಡಾಕ್ಟ್ರು ಮುಜುಗರದ ಪ್ರಶ್ನೆಗಳನ್ನು ಸಹಜವಾಗಿ ಕೇಳುತ್ತಾರೆ: ಆಸಕ್ತಿ ಕಡಿಮೆಯಾಗಿದೆಯೇ, ಬೆಳಗಿನ ನಿಮಿರುವಿಕೆ ನಿಂತಿದೆಯೇ, ಗಡ್ಡ ಬೆಳೆಯುವುದು ನಿಧಾನವಾಗಿದೆಯೇ, ಎದೆ ಊದಿಕೊಂಡಿದೆಯೇ, ರಾತ್ರಿ ಗೊರಕೆ ಇದೆಯೇ. ಇವಕ್ಕೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಉತ್ತರಿಸುವುದು ಸುಲಭವೆನಿಸಿದರೆ ಹಾಗೆಯೇ ಹೇಳಿ. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ.

ನೀವೂ ಕೇಳಬೇಕಾದದ್ದಿದೆ. ಕಾರಣ ಏನು? ಯಾವ ರೂಪದ ಔಷಧ? ಚರ್ಮಕ್ಕೆ ದಿನವೂ ಹಚ್ಚುವ ಜೆಲ್ ಇದೆ. ಹಚ್ಚಿದ ಜಾಗ ಮಕ್ಕಳ, ಹೆಂಗಸರ ಮೈಗೆ ತಾಗದಂತೆ ನೋಡಿಕೊಳ್ಳಬೇಕು. ಎರಡು ಮೂರು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. 1,000 ಮಿಲಿಗ್ರಾಂನ ದೀರ್ಘಾವಧಿ ಇಂಜೆಕ್ಷನ್ನೂ ಇದೆ. ಅದರಲ್ಲಿ ಎರಡನೆಯದು ಆರು ವಾರಕ್ಕೆ, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಗಲ್ಫಿಗೆ ಮರಳುವವರಿಗೆ ಈ ಲೆಕ್ಕ ಮುಖ್ಯ. ಅಲ್ಲಿ ಮುಂದುವರಿಸುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಬೇಕು.

ಆಮೇಲಿನ ತಪಾಸಣೆ ಯಾವಾಗ? ಶುರುಮಾಡಿ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆಯಾದರೂ ಹಾರ್ಮೋನಿನ ಮಟ್ಟ, ರಕ್ತದ ದಪ್ಪ, ವಯಸ್ಸಿಗೆ ತಕ್ಕಂತೆ ಪ್ರಾಸ್ಟೇಟಿನ ಪಿಎಸ್‌ಎ ನೋಡಬೇಕು. ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇಕಡಾ 54 ದಾಟಿದರೆ ಔಷಧ ನಿಲ್ಲಿಸುತ್ತಾರೆ ಅಥವಾ ಪ್ರಮಾಣ ತಗ್ಗಿಸುತ್ತಾರೆ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರಿಗೆ, ಇತ್ತೀಚೆಗೆ ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೃದಯಕ್ಕೆ ಅಪಾಯವೇ ಎಂಬ ಭಯಕ್ಕೆ 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನ ಸ್ವಲ್ಪ ಸಮಾಧಾನ ಕೊಟ್ಟಿದೆ. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 5,000ಕ್ಕೂ ಮಿಕ್ಕಿದ ಗಂಡಸರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಾಗಿ ಕಂಡಿತು.

ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷರಿಗೂ ಇದೇ ಹಾರ್ಮೋನು ಬೇಕಾಗುತ್ತದೆ. ಅವರ ಚಿಕಿತ್ಸೆಯ ಗುರಿ ಬೇರೆ, ದಾರಿಯೂ ಸ್ವಲ್ಪ ಬೇರೆ. ಮಾನಸಿಕ ಆರೋಗ್ಯ ತಜ್ಞರೊಂದಿಗಿನ ಮಾತುಕತೆಯೂ ಅದರಲ್ಲಿ ಸೇರುತ್ತದೆ. ಲಿಂಗತ್ವದ ಗುರುತನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. 2019ರ ಕಾಯ್ದೆ ಹಾರ್ಮೋನು ಚಿಕಿತ್ಸೆಯ ಸೌಲಭ್ಯವನ್ನೂ ಹೆಸರಿಸಿತು. ಚೀಟಿ ಬರೆಯುವ ಮೊದಲು ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಕೇಳುವ ಡಾಕ್ಟರಲ್ಲಿ ಅವರು ಅರ್ಧ ಭರವಸೆ ಇಡಬಹುದು.

ನನ್ನ ವಿದ್ಯಾರ್ಥಿಯ ರಿಪೋರ್ಟಿನಲ್ಲಿ ರಕ್ತ ತೆಗೆದ ಹೊತ್ತು ಸಂಜೆ ಐದೂಕಾಲು ಎಂದಿತ್ತು. ಬೆಳಿಗ್ಗೆ, ಏನೂ ತಿನ್ನದೆ ಮತ್ತೊಮ್ಮೆ ಕೊಡು ಎಂದು ಕಳಿಸಿದ್ದೆ. ರಜೆ ಮುಗಿಯುವ ಮುಂಚೆ ಮುಖ ಸಣ್ಣದು ಮಾಡಿಕೊಂಡು ಬಂದ. ‘ಇಂಜೆಕ್ಷನ್ ಕೊಡಲೇ ಇಲ್ಲ ಮಾಷ್ಟ್ರೇ. ಅರ್ಧ ಗಂಟೆ ಕೂರಿಸಿ ಗೊರಕೆ ಬಗ್ಗೆಯೇ ಕೇಳಿದ್ರು. ಹೆಂಡತಿಯನ್ನೂ ಒಳಗೆ ಕರೆದ್ರು. ಮೂರು ತಿಂಗಳು ಬಿಟ್ಟು ಪುನಃ ಬರಬೇಕಂತೆ.’

‘ಸಿಕ್ಕಿದರಲ್ಲ ಮತ್ತೆ!’ ಎಂದೆ.