ಹಲ್ಲಿಗೆ ತಂತಿಯೂ ಪಿಂಗಾಣಿಯೂ

ನಮ್ಮ ಪ್ರಯೋಗಶಾಲೆಯಲ್ಲಿ ಅಂದು ಹುಕ್‌ನ ನಿಯಮದ ಪರೀಕ್ಷೆ. ಸುರುಳಿಯ ತುದಿಗೆ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಏರಿಸಿ ಅದರ ಉದ್ದವನ್ನು ಅಳೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೆಲಸ ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿದಳು. ಅವಳ ಮೇಲುಸಾಲಿನ ಬಾಚಿಹಲ್ಲುಗಳಲ್ಲಿ ಒಂದು ಉಳಿದವುಗಳಿಗಿಂತ ಮುಂದಕ್ಕೆ ಚಾಚಿದೆ. ಅದರ ಪಕ್ಕದ್ದು ಮೂಡಿದಾಗಿನಿಂದಲೂ ಸಣ್ಣದು, ಗೂಟದಂತೆ ಮೊನೆಯಾಗಿದೆ. ಒಂದೂವರೆ ವರ್ಷ ತಂತಿ ಕಟ್ಟಿ, ಅನಂತರ ಪಿಂಗಾಣಿಯ ಪೊರೆಯನ್ನು ಅಂಟಿಸೋಣವೆಂದು ದಂತವೈದ್ಯರು ಹೇಳಿದ್ದಾರೆ. "ಸಾರ್, ಪಿಂಗಾಣಿಯನ್ನು ಮಾತ್ರ ಅಂಟಿಸುವುದಾದರೆ ಎರಡು ಮೂರು ಸಲ ಹೋಗಿಬಂದರೆ ಮುಗಿಯಿತಂತೆ. ಸೊಟ್ಟಗಿರುವುದನ್ನೂ ಅದೇ ಮುಚ್ಚುತ್ತದಲ್ಲ, ತಂತಿ ಯಾಕೆ ಬೇಕು?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಅದರ ಉತ್ತರ ದಂತವೈದ್ಯದಲ್ಲಿರುವಷ್ಟೇ ಭೌತವಿಜ್ಞಾನದಲ್ಲಿಯೂ ಇದೆ. ಹಲ್ಲನ್ನು ಹಿಡಿದಿರುವುದು ದವಡೆಯ ಎಲುಬು. ಹಲ್ಲನ್ನು ಹೊದೆದಿರುವುದು ಎನಾಮಲ್. ಎಲುಬು ಜೀವಂತ ಪದಾರ್ಥ. ಅದು ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಎನಾಮಲಾದರೋ ತೂಕದಲ್ಲಿ ಶೇಕಡ 96ರಷ್ಟು ಖನಿಜವೇ. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವ ವೇಳೆಗೆ ನಾಶವಾಗಿರುತ್ತವೆ. ಆದುದರಿಂದ ಒಮ್ಮೆ ತೇದುಹೋದ ಎನಾಮಲ್ ಜನ್ಮದಲ್ಲಿ ಮತ್ತೆ ಬೆಳೆಯದು. ತಂತಿಯ ಕೆಲಸವೆಲ್ಲ ಎಲುಬಿನಲ್ಲಿ, ಪಿಂಗಾಣಿಯ ಕೆಲಸವೆಲ್ಲ ಎನಾಮಲಿನಲ್ಲಿ. ಯಾವುದು ಮೊದಲು ಎಂಬುದಕ್ಕೆ ಇದೇ ಮೂಲ.

ಮೊದಲು ತಂತಿಯನ್ನು ನೋಡೋಣ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಎಲುಬಿನಲ್ಲಿ ಬಿಗಿದುಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ತಂತುಗಳ ಪದರವೊಂದಿದೆ; ಹಲ್ಲು ಅದರಲ್ಲಿ ತೂಗುಹಾಕಿದಂತೆ ನಿಂತಿದೆ. ಕಡಲೆಯನ್ನು ಕಡಿಯುವಾಗ ಹಲ್ಲಿನ ಮೇಲೆ ಹತ್ತಾರು ಕಿಲೋಗ್ರಾಮಿನ ಒತ್ತಡ ಬೀಳಬಹುದು. ಆದರೂ ಹಲ್ಲು ಸರಿಯದು. ಏಕೆಂದರೆ ಆ ಬಲ ಕ್ಷಣಕಾಲದ್ದು. ಪದರದಲ್ಲಿರುವ ದ್ರವ ಹಿಂಡಿಹೋಗುವಷ್ಟರಲ್ಲಿ ಬಲವೇ ಇಲ್ಲವಾಗುತ್ತದೆ. ತಂತಿ ಕೊಡುವ ಬಲವೋ 50 ಗ್ರಾಮಿನ ಸುಮಾರಿನದು, ಎಂದರೆ ಆರೇಳು ಹತ್ತು ರೂಪಾಯಿ ನಾಣ್ಯಗಳ ಭಾರ. ಆದರೆ ಅದು ಹಗಲಿರುಳೂ ಬಿಡದೆ ಒತ್ತುತ್ತದೆ. ಒತ್ತಡ ಬಿದ್ದ ಕಡೆ ಎಲುಬನ್ನು ಕರಗಿಸುವ ಕೋಶಗಳು ಬಂದು ಸೇರುತ್ತವೆ. ಎಳೆತ ಬಿದ್ದ ಕಡೆ ಎಲುಬನ್ನು ಕಟ್ಟುವ ಕೋಶಗಳು ಕೆಲಸಕ್ಕೆ ತೊಡಗುತ್ತವೆ. ಹೀಗೆ ಹಲ್ಲು ತನ್ನ ಕುಳಿಯನ್ನೂ ಜೊತೆಯಲ್ಲಿಯೇ ಕರೆದುಕೊಂಡು, ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಸಾಗುತ್ತದೆ.

ಬಲವನ್ನು ಹೆಚ್ಚಿಸಿದರೆ ಬೇಗ ಸರಿಯುವುದಿಲ್ಲವೆ? ಇಲ್ಲ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಎಂಬವನು 1904ರ ಸುಮಾರಿಗೆ ನಾಯಿಯ ಹಲ್ಲುಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟನು. ಬಲ ಮಿತಿಮೀರಿದರೆ ಪದರದಲ್ಲಿರುವ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ ಆ ಭಾಗ ಗಾಜಿನಂತೆ ನಿರ್ಜೀವವಾಗುತ್ತದೆ. ಅದನ್ನು ದೇಹ ತೆರವುಮಾಡುವ ತನಕ ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಅವಸರಪಟ್ಟರೆ ತಡವೇ ಆಗುವುದು.

ಹಗುರವಾದ ಬಲ ಬಹುಕಾಲ ಒಂದೇ ಸಮನಾಗಿರಬೇಕು. ಹುಕ್‌ನ ನಿಯಮವನ್ನು ಪಾಲಿಸುವ ಉಕ್ಕಿನ ತಂತಿಗೆ ಇದು ಕಷ್ಟ: ಬಾಗು ಹೆಚ್ಚಿದ್ದಾಗ ಬಲ ವಿಪರೀತ, ಹಲ್ಲು ಕೊಂಚ ಸರಿದೊಡನೆ ಬಲ ತೀರ ಕಡಮೆ. ನಿಕ್ಕಲ್ ಮತ್ತು ಟೈಟೇನಿಯಂಗಳ ಮಿಶ್ರಲೋಹವೊಂದನ್ನು ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಬ್ಯೂಲರ್ ಎಂಬವನು 1959ರ ಸುಮಾರಿಗೆ ಸಿದ್ಧಪಡಿಸಿದನು. ನಿಟಿನಾಲ್ ಎಂದು ಅದರ ಹೆಸರು. 1971ರಲ್ಲಿ ಜಾರ್ಜ್ ಆಂಡ್ರಿಯಾಸನ್ ಅದನ್ನು ಹಲ್ಲಿನ ತಂತಿಯಾಗಿ ಬಳಸಬಹುದೆಂದು ಸೂಚಿಸಿದನು. 1980ರ ದಶಕದಲ್ಲಿ ಬಂದ ಇದರ ಸುಧಾರಿತ ತಂತಿಗಳನ್ನು ಬಾಗಿಸಿದರೆ ಒಳಗಿನ ಸ್ಫಟಿಕರಚನೆಯೇ ಒಂದು ರೂಪದಿಂದ ಇನ್ನೊಂದಕ್ಕೆ ಮಾರ್ಪಡುತ್ತದೆ. ಬಿಟ್ಟರೆ ಹಿಂದಿನ ರೂಪಕ್ಕೆ ಮರಳುತ್ತದೆ. ಶೇಕಡ 8ರವರೆಗೆ ಹಿಗ್ಗಿದರೂ ಅದು ಮೊದಲಿನ ಆಕಾರಕ್ಕೆ ಬರಬಲ್ಲುದು. ಉಕ್ಕಿಗೆ ಶೇಕಡ 1ರಷ್ಟೂ ಸಾಧ್ಯವಿಲ್ಲ. ಮರಳುವ ಹಾದಿಯ ಬಹುಭಾಗದಲ್ಲಿ ಬಲ ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಹುಕ್‌ನ ನಿಯಮವನ್ನು ಮೀರುವ ಈ ಗುಣವೇ ಹಲ್ಲಿಗೆ ಹಿತ. ಪ್ರಯೋಗಶಾಲೆಯಲ್ಲಿ ಆ ನಿಯಮವನ್ನು ಬೋಧಿಸುವ ನಾವು ಇದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ಇನ್ನು ಪಿಂಗಾಣಿ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕ್ಯಾಲಿಫೋರ್ನಿಯದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ಡಿನ ನಟನಟಿಯರಿಗೆ ತೆಳುವಾದ ಪೊರೆಗಳನ್ನು ಮಾಡಿಕೊಡುತ್ತಿದ್ದನು. ಆದರೆ ಅವು ಚಿತ್ರೀಕರಣದ ಹೊತ್ತಿಗೆ ಮಾತ್ರ. ಊಟಕ್ಕೆ ಕುಳಿತರೆ ತೆಗೆದಿಡಬೇಕು. ಭದ್ರವಾಗಿ ಅಂಟಿಸುವ ಉಪಾಯವೇ ಆಗ ಇರಲಿಲ್ಲ. 1955ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬವನು ಎನಾಮಲಿಗೆ ಅರ್ಧ ನಿಮಿಷ ಫಾಸ್ಫಾರಿಕ್ ಆಮ್ಲವನ್ನು ಸವರಿದರೆ ರಾಳ ಗಟ್ಟಿಯಾಗಿ ಕಚ್ಚಿಕೊಳ್ಳುವುದೆಂದು ಕಂಡನು. ಗಾರೆಯವನು ನುಣುಪಾದ ಗೋಡೆಗೆ ಕಚ್ಚು ಹೊಡೆದು ಗಾರೆ ಮೆತ್ತುವುದಿಲ್ಲವೆ? ಹಾಗೆಯೇ ಆಮ್ಲ ಎನಾಮಲಿನಲ್ಲಿ ಕಣ್ಣಿಗೆ ಕಾಣದ ಕಚ್ಚುಗಳನ್ನು ಮಾಡುತ್ತದೆ. ಇಂದು ತಂತಿಯನ್ನು ಹಿಡಿದಿಡುವ ಸಣ್ಣ ಬ್ರ್ಯಾಕೆಟ್ಟುಗಳು ಹಲ್ಲಿಗೆ ಅಂಟುವುದೂ ಇದೇ ಉಪಾಯದಿಂದ. ಅದಕ್ಕೆ ಮೊದಲು ಪ್ರತಿಯೊಂದು ಹಲ್ಲಿಗೂ ಲೋಹದ ಬಳೆ ತೊಡಿಸಬೇಕಾಗಿತ್ತು. 1983ರ ವೇಳೆಗೆ ಪಿಂಗಾಣಿಯ ಒಳಮೈಗೂ ಹೈಡ್ರೊಫ್ಲೋರಿಕ್ ಆಮ್ಲದಿಂದ ಕಚ್ಚು ಮಾಡುವ ಕ್ರಮ ಬಂದಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪಿಂಗಾಣಿಯ ಪೊರೆಯ ದಪ್ಪ 0.5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಬಾಚಿಹಲ್ಲಿನ ಮುಂಭಾಗದ ಎನಾಮಲ್ ಅಂಚಿನ ಕಡೆ ಸುಮಾರು 1 ಮಿಲಿಮೀಟರ್, ವಸಡಿನ ಹತ್ತಿರ ಅದರ ಅರ್ಧವೂ ಇರದು. ನಮ್ಮ ವಿದ್ಯಾರ್ಥಿನಿಯ ಹಲ್ಲು 1.5 ಮಿಲಿಮೀಟರ್ ಮುಂದಕ್ಕೆ ಚಾಚಿದೆ ಎನ್ನೋಣ. ತಂತಿಯಿಲ್ಲದೆ ಅದನ್ನು ಸಾಲಿಗೆ ತರಬೇಕಾದರೆ ಚಾಚಿದ 1.5, ಪೊರೆಗೆ ಜಾಗ 0.5, ಒಟ್ಟು 2 ಮಿಲಿಮೀಟರ್ ತೇಯಬೇಕು. ಎನಾಮಲೆಲ್ಲ ಹೋಗಿ, ಕೆಳಗಿನ ಡೆಂಟೀನನ್ನೂ ಕೊರೆದು, ನರವಿರುವ ತಿರುಳಿನ ಸಮೀಪಕ್ಕೆ ಹೋಗಬೇಕಾದೀತು. ತಂತಿಯಿಂದ ಮೊದಲು ಹಿಂದಕ್ಕೆ ಸರಿಸಿದರೆ ತೇಯಬೇಕಾದ್ದು ಅರ್ಧ ಮಿಲಿಮೀಟರ್, ಒಮ್ಮೊಮ್ಮೆ ಅದೂ ಇಲ್ಲ. ಒಂದೂವರೆ ವರ್ಷಕ್ಕೆ ಪ್ರತಿಯಾಗಿ ದೊರೆಯುವುದು ಈ ಒಂದೂವರೆ ಮಿಲಿಮೀಟರ್.

ಉಳಿದ ಎನಾಮಲಿನಿಂದ ಪಿಂಗಾಣಿಗೂ ಲಾಭವಿದೆ. ಪಿಂಗಾಣಿ ಗಾಜಿನ ಜಾತಿಯದು. ಬಾಗುವುದರ ಬದಲು ಬಿರಿಯುತ್ತದೆ. ಎನಾಮಲ್ ಬಾಗದಿರುವ ಬಿಗುವಿನಲ್ಲಿ ಡೆಂಟೀನಿನ ಸುಮಾರು ನಾಲ್ಕು ಪಟ್ಟು, ಪಿಂಗಾಣಿಗೆ ಸಮೀಪವಾದದ್ದು. ಗಾಜಿನ ಹಲಗೆಯನ್ನು ಕಲ್ಲುಹಾಸಿನ ಮೇಲಿಟ್ಟು ನಿಂತರೆ ಅದು ತಡೆದೀತು, ಹಾಸಿಗೆಯ ಮೇಲಿಟ್ಟು ನಿಂತರೆ ಒಡೆದೀತು. ಅಲ್ಲದೆ ಡೆಂಟೀನಿನಲ್ಲಿ ನೀರೂ ಸಾವಯವ ಪದಾರ್ಥವೂ ಹೆಚ್ಚು. ಅಂಟು ಎನಾಮಲಿನಲ್ಲಿ ಹಿಡಿದಷ್ಟು ಭದ್ರವಾಗಿ ಅಲ್ಲಿ ಹಿಡಿಯದು.

ಹಾಗಾದರೆ ತಂತಿಯೊಂದೇ ಸಾಲದೆ? ಅನೇಕರಿಗೆ ಸಾಕು, ಪಿಂಗಾಣಿಯ ಗೊಡವೆಯೇ ಬೇಡ. ಸಣ್ಣ ಚಕ್ಕೆ ಹಾರಿದ್ದರೆ ರಾಳದ ತೇಪೆಯಿಂದಲೇ ಸರಿಹೋದೀತು. ಆದರೆ ಗೂಟದಂತಹ ಹಲ್ಲನ್ನು ತಂತಿ ದೊಡ್ಡದು ಮಾಡಲಾರದು. ಮೇಲುಸಾಲಿನ ಎರಡನೆಯ ಬಾಚಿಹಲ್ಲು ಸಾಮಾನ್ಯವಾಗಿ 6.5 ಮಿಲಿಮೀಟರ್ ಅಗಲವಿರುತ್ತದೆ. ಅದು 4.5 ಮಾತ್ರ ಇದ್ದರೆ, ಅಕ್ಕಪಕ್ಕ ಒಟ್ಟು 2 ಮಿಲಿಮೀಟರ್ ಜಾಗವನ್ನು ತಂತಿ ಬಿಡಿಸಿಕೊಡಬೇಕು. ಸಂದುಗಳನ್ನೆಲ್ಲ ಮುಚ್ಚಿಬಿಟ್ಟರೆ ಪಿಂಗಾಣಿಗೆ ಎಡೆಯೇ ಇರದು. ಬಾಗಿಲಿನ ಅಳತೆ ತಿಳಿಯದೆ ಚೌಕಟ್ಟು ನಿಲ್ಲಿಸಿದಂತಾಗುತ್ತದೆ. ಆದುದರಿಂದ ತಂತಿ ಕಟ್ಟುವವರೂ ಪೊರೆ ಅಂಟಿಸುವವರೂ ಮೊದಲೇ ಕುಳಿತು, ಹಲ್ಲುಗಳ ಅಚ್ಚಿನ ಮೇಲೆ ಮೇಣದಿಂದ ಕೊನೆಯ ರೂಪವನ್ನು ತಿದ್ದಿ ನೋಡುತ್ತಾರೆ. ಇಂದು ಈ ಕೆಲಸ ಗಣಕಯಂತ್ರದ ತೆರೆಯ ಮೇಲೂ ನಡೆಯುತ್ತದೆ.

ಕಲೆಯ ಮಾತು ಬೇರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲುಳ್ಳವರನ್ನು ವಾಚಕರು ನೋಡಿರಬಹುದು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎನಾಮಲ್ ರೂಪುಗೊಳ್ಳುವ ಬಾಲ್ಯದಲ್ಲಿಯೇ ಈ ದೋಷ ಉಂಟಾಗುವುದರಿಂದ ತಂತಿಗೂ ಉಜ್ಜುವಿಕೆಗೂ ಅದು ಹೋಗದು. ತೀವ್ರವಾದ ಕಲೆಗೆ ಪಿಂಗಾಣಿ ಒಂದು ಉಪಾಯ. ಆದರೆ ತೆಳುವಾದ ಪಿಂಗಾಣಿ ಎನಾಮಲಿನಂತೆಯೇ ಅರೆಪಾರಕ. ಒಳಗಿನ ಕಪ್ಪು ಹೊರಕ್ಕೆ ಇಣುಕುತ್ತದೆ. ಅದನ್ನು ಮರೆಸಲು ಪೊರೆಯ ದಪ್ಪವನ್ನು ಹೆಚ್ಚಿಸಬೇಕು, ಅಂದರೆ ಇನ್ನಷ್ಟು ತೇಯಬೇಕು. ಅಂಥವರಲ್ಲಿ ಹಲ್ಲು ವಕ್ರವೂ ಆಗಿದ್ದರೆ ಎನಾಮಲಿನ ಮೇಲೆ ಇಮ್ಮಡಿ ತೆರಿಗೆ. ಕನ್ನಡಿಯಲ್ಲಿ ನಿಮ್ಮ ಬಾಚಿಹಲ್ಲಿನ ತುದಿಯನ್ನು ನೋಡಿರಿ, ತೆಳುವಾದ ನೀಲಿಛಾಯೆ ಕಂಡೀತು. ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುವುದೇ ಅದಕ್ಕೆ ಕಾರಣ. ಆಕಾಶದ ನೀಲಿಗೂ ಅದೇ. ದಪ್ಪ ಪಿಂಗಾಣಿಯಲ್ಲಿ ಈ ಸೊಗಸನ್ನು ತರುವುದು ಬಲುಕಷ್ಟ.

ಪಿಂಗಾಣಿ ಮೊದಲಾಗಿ ತಂತಿ ಆಮೇಲಾದರೆ ಇನ್ನೊಂದು ತೊಡಕು. ಬ್ರ್ಯಾಕೆಟ್ಟನ್ನು ಪಿಂಗಾಣಿಗೆ ಅಂಟಿಸುವುದೂ ಪ್ರಯಾಸ, ಕೀಳುವಾಗ ಪೊರೆ ಸೀಳುವ ಭಯವೂ ಉಂಟು. ಹದಿನೆಂಟರೊಳಗಿನವರಿಗೆ ಪಿಂಗಾಣಿಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಆ ವಯಸ್ಸಿನಲ್ಲಿ ಹಲ್ಲಿನ ತಿರುಳು ದೊಡ್ಡದು, ವಸಡಿನ ಅಂಚೂ ನೆಲೆಗೊಂಡಿರುವುದಿಲ್ಲ. ತಂತಿಯ ಕಾಲ ಹೀಗೆ ಕಾಯುವ ಕಾಲವೂ ಆಗುತ್ತದೆ.

ತಂತಿ ಬಿಚ್ಚಿದೊಡನೆ ಕೆಲಸ ಮುಗಿಯುವುದಿಲ್ಲ. ವಸಡಿನ ಎಳೆಗಳು ವರ್ಷದವರೆಗೂ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಆದುದರಿಂದ ಹಿಡಿತದ ತಟ್ಟೆಯೊಂದನ್ನು ತೊಡಬೇಕು. ವಸಡಿನ ಊತ ಇಳಿದ ಮೇಲೆ ಪೊರೆಯನ್ನು ಅಂಟಿಸುತ್ತಾರೆ. ಆಗ ಹಲ್ಲಿನ ಆಕಾರವೇ ಬದಲಾಗುವುದರಿಂದ ತಟ್ಟೆಯನ್ನು ಹೊಸದಾಗಿ ಮಾಡಿಸಬೇಕು. ಈ ಎರಡನೆಯ ತಟ್ಟೆಯ ಸಂಗತಿಯನ್ನು ಕೇಳಿ ನಮ್ಮ ವಿದ್ಯಾರ್ಥಿನಿ ಮುಖ ಸಪ್ಪಗೆ ಮಾಡಿಕೊಂಡಳು. ಮುಂದಿನ ವಾರ ಪ್ರಯೋಗಶಾಲೆಗೆ ಬಂದಾಗ ಮೇಲುಸಾಲಿನಲ್ಲಿ ಬ್ರ್ಯಾಕೆಟ್ಟುಗಳಿದ್ದವು. ತಂತಿ ನಿಟಿನಾಲಿನದೇ ಎಂದು ಕೇಳಿ ತಿಳಿದುಕೊಂಡು ಬಂದಿದ್ದಳು.