ಕಲ್ಲು, ಕಡತ ಮತ್ತು ಮನೆತನ

ತನ್ನ ಮನೆತನದ ಚರಿತ್ರೆಯನ್ನು ಅರಸಹೊರಟವನಿಗೆ ಮೊದಲು ಎದುರಾಗುವುದು ಹಿರಿಯರ ಮೌನ. ಮದುವೆಗಳನ್ನೂ ವಲಸೆಗಳನ್ನೂ ಅವರು ಉತ್ಸಾಹದಿಂದ ವಿವರಿಸುತ್ತಾರೆ. ಅಕಾಲಮರಣದ ಮಾತು ಬಂದೊಡನೆ ಸುಮ್ಮನಾಗುತ್ತಾರೆ. ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳುತ್ತ ಬಂದ ಹೆಳವರಿಂದ ಹೆಸರುಗಳ ಸಾಲು ದೊರೆಯಬಹುದು. ಸಾವಿನ ಕಾರಣವನ್ನು ತಿಳಿಯಲು ಬೇರೆ ದಾಖಲೆಗಳ ಮೊರೆಹೋಗಬೇಕು.

ನಮ್ಮ ನಾಡಿನಲ್ಲಿ ಅಂತಹ ದಾಖಲೆ ಕೆಲವೊಮ್ಮೆ ಕಲ್ಲಿನ ಮೇಲೆಯೇ ಉಂಟು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಏಚನ ಕೈಯಿಂದ ಅವನ ದಾಯಾದಿಯೊಬ್ಬನು ಸತ್ತನು. ಆಗ ಆ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ಅರಸನ ಆಜ್ಞೆಯಂತೆ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಲಾಯಿತು. ಸುದ್ದಿ ತಿಳಿದ ದೇಕಬ್ಬೆ ಹೆತ್ತವರು ಬೇಡವೆಂದು ತಡೆದರೂ ಕೇಳದೆ ಅಗ್ನಿಪ್ರವೇಶ ಮಾಡಿದಳು.

ಒಂದು ಕಲಹ, ಮೂರು ಸಾವು. ತಂದೆ, ಮಗಳು, ಅಳಿಯ, ದಾಯಾದಿ, ಊರು, ಕಾರಣ ಎಲ್ಲವೂ ಒಂದೆಡೆ ದೊರೆಯುವುದು ಅಪರೂಪ. ಶಾಸನಕವಿ ಆಕೆಯ ನಿರ್ಧಾರವನ್ನು ಕೊಂಡಾಡಿದ್ದಾನೆ. ಅದನ್ನು ನಾವು ಕೊಂಡಾಡಬೇಕಾಗಿಲ್ಲ. ಆದರೆ ಹೊಗಳಿಕೆಯ ನಡುವೆ ಹೆತ್ತವರ ತಡೆಯನ್ನೂ ಆತ ಬರೆದಿಟ್ಟನಲ್ಲ! ದಾಖಲೆಯನ್ನು ಓದುವವನ ಕಿವಿ ಅಂತಹ ತಗ್ಗಿದ ದನಿಗೆ ತೆರೆದಿರಬೇಕು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ, 1898ರಲ್ಲಿ, ಈ ಶಾಸನವು ಅಚ್ಚಾಯಿತು.

ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಪ್ಪತ್ತು ವರ್ಷಗಳ ಬಳಿಕ, 1918ರಲ್ಲಿ, ಇನ್‌ಫ್ಲುಯೆಂಜಾ ಹಬ್ಬಿತು. ಆಗ ಮಡಿದವರಿಗಾಗಿ ಕಲ್ಲು ನೆಡುವವರಾರು? 1911 ಮತ್ತು 1921ರ ಜನಗಣತಿಗಳ ನಡುವೆ ಭಾರತದ ಜನಸಂಖ್ಯೆಯೇ ಇಳಿಯಿತು. ಆ ಇಳಿಕೆಯಲ್ಲಿ ನಮ್ಮ ಮನೆಯವರೂ ಸೇರಿದ್ದಾರೆಯೇ ಎಂಬುದನ್ನು ಗಣತಿಯ ಕೋಷ್ಟಕವು ಹೇಳದು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದುದು 1969ರಲ್ಲಿ.

ಹಿಂದಿನವರ ಸಾವನ್ನು ಪತ್ತೆಹಚ್ಚಲು ಜಮೀನಿನ ಹಳೆಯ ಖಾತೆಗಳು ಎಷ್ಟೋ ವೇಳೆ ನೆರವಾಗುತ್ತವೆ. ಅವು ಸಾವಿನ ಮಾತನ್ನೇ ಎತ್ತುವುದಿಲ್ಲ. ಆದರೆ 1918ರ ಸುಮಾರಿಗೆ ಅಣ್ಣತಮ್ಮಂದಿರ ಹೆಸರುಗಳು ಒಟ್ಟಿಗೇ ಮರೆಯಾಗಿ, ಆ ಜಾಗದಲ್ಲಿ ಒಬ್ಬ ಬಾಲಕನ ಹೆಸರೂ, ಅವನ ಪೋಷಕಳೆಂದು ಅಜ್ಜಿಯ ಹೆಸರೂ ಬಂದಿದ್ದರೆ, ಆ ಮನೆಯಲ್ಲಿ ನಡೆದುದೇನೆಂಬುದನ್ನು ನಾವು ಊಹಿಸಬಹುದು.