ಬಾಯಿಮಾತು ಸಾಲದು, ಅರ್ಜಿ ಬರೆಯಿರಿ: ಅಂಗವಿಕಲ ವಿದ್ಯಾರ್ಥಿಗಳಿಗೆ ಕೆಲವು ಯಶಸ್ಸಿನ ಸೂತ್ರಗಳು

ಪರೀಕ್ಷೆಗೆ ನಾಲ್ಕೇ ದಿನ ಇರುವಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ನನ್ ಪೇಪರ್ ಬರೆಯೋಕೆ ಯಾರಾದ್ರೂ ಸಿಗ್ತಾರಾ?” ಎಂದು ತಗ್ಗಿದ ದನಿಯಲ್ಲಿ ಕೇಳುವ ವಿದ್ಯಾರ್ಥಿಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವನು ಚೆನ್ನಾಗಿ ಓದಿದ್ದಾನೆ. ಅವನಿಗೆ ಬೇಕಾದ್ದು ಕಾನೂನಿನಲ್ಲೇ ಇದೆ. ಕಾಲೇಜು ಶುರುವಾದ ವಾರವೇ ಅದನ್ನು ಕೇಳಬಹುದಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಈ ವರ್ಷ ಪದವಿಗೋ ಸ್ನಾತಕೋತ್ತರ ತರಗತಿಗೋ ಸೇರುತ್ತಿರುವ ಅಂಗವಿಕಲ ವಿದ್ಯಾರ್ಥಿಗಳಿಗೆ, ಅವರ ಮೇಷ್ಟ್ರುಗಳಿಗೂ, ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

1. ಪಟ್ಟಿಯಲ್ಲಿ ನೀವಿದ್ದೀರಾ, ನೋಡಿಕೊಳ್ಳಿ

1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅವು 21 ಆದವು. ಕಲಿಕಾ ನ್ಯೂನತೆ, ಆಟಿಸಂ, ಹಿಮೋಫಿಲಿಯಾ, ಸಿಕಲ್ ಸೆಲ್, ಆಸಿಡ್ ದಾಳಿಗೆ ತುತ್ತಾದವರ ಸ್ಥಿತಿ ಎಲ್ಲವೂ ಸೇರಿದವು. “ಬುದ್ಧಿವಂತ, ಆದ್ರೆ ಬರೆಯೋಕೆ ಸೋಮಾರಿ” ಎಂದು ಪಿಯುಸಿವರೆಗೂ ಬೈಸಿಕೊಂಡು ಬಂದ ಹುಡುಗನಿಗೆ ಡಿಸ್‌ಗ್ರಾಫಿಯಾ ಎಂಬ ಬರವಣಿಗೆಯ ಕಲಿಕಾ ನ್ಯೂನತೆ ಇರಬಹುದು. ಅವನು ಈ ಪಟ್ಟಿಗೆ ಸೇರಿದವನು.

2. ಕಾರ್ಡ್ ಮೊದಲು, ಸೀಟು ಆಮೇಲೆ

ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್ ಪ್ರವೇಶಕ್ಕೆ ಮುಂಚೆಯೇ ಕೈಯಲ್ಲಿರಲಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಎಂದು ಕೇಳಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ದಾರಿ ತೋರಿಸುತ್ತಾರೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ನಿಮ್ಮಂಥವರಿಗೆ ಮೀಸಲು. ವಯೋಮಿತಿಯಲ್ಲೂ ಐದು ವರ್ಷ ಸಡಿಲಿಕೆ ಇದೆ.

3. ನಲವತ್ತು ಇಲ್ಲವೆಂದು ಕೈಚೆಲ್ಲಬೇಡಿ

ಮೀಸಲಾತಿಗೆ ನಲವತ್ತು ಬೇಕು, ಸೌಲಭ್ಯಕ್ಕೆ ಬೇಕಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡಿರುವ ಕಚೇರಿಗಳು ಇಂದಿಗೂ ಇವೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಬರೆಯಲು ಕೂತರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿ ಅವರು. ಶೇ. 40 ತಲುಪಿಲ್ಲ ಎಂಬ ಕಾರಣಕ್ಕೆ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ತೀರ್ಪು ಬಂತು. ಮರುವರ್ಷ ಕೇಂದ್ರ ಸರ್ಕಾರ ಇಂಥವರಿಗೆಂದೇ ಮಾರ್ಗಸೂಚಿ ಹೊರಡಿಸಿತು. ಬರೆಯಲು ಕಷ್ಟವಿದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

4. ಮೊದಲ ವಾರದಲ್ಲೇ ಅರ್ಜಿ ಕೊಡಿ

ನನ್ನ ಮಟ್ಟಿಗೆ ಉಳಿದ ಸೂತ್ರಗಳೆಲ್ಲ ಇದರ ಮೇಲೆ ನಿಂತಿವೆ. “ಆಯ್ತಪ್ಪ, ನೋಡೋಣ” ಎಂದ ಪ್ರಾಂಶುಪಾಲರು ಸೆಮಿಸ್ಟರ್ ಮುಗಿಯುವುದರೊಳಗೆ ವರ್ಗವಾಗಿ ಹೋಗುತ್ತಾರೆ. ಬಾಯಿಮಾತು ಅವರ ಜೊತೆಗೇ ಹೋಗುತ್ತದೆ, ಕಾಗದ ಕಡತದಲ್ಲಿ ಉಳಿಯುತ್ತದೆ.

ಬರೆಯುವಾಗ “ಬಡ ಅಂಗವಿಕಲ ವಿದ್ಯಾರ್ಥಿಯ ಮೇಲೆ ಕೃಪೆ ತೋರಬೇಕಾಗಿ ಪ್ರಾರ್ಥನೆ” ಎಂಬ ಧಾಟಿ ಬೇಡ. ಇದು ದಾನವಲ್ಲ, ಹಕ್ಕು. “ಸಹಾಯ ಮಾಡಿ” ಎಂದರೆ ಯಾವ ಗುಮಾಸ್ತರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೀಗೆ ಬರೆಯಿರಿ: “ನನಗೆ ಮಂದದೃಷ್ಟಿ ಇದೆ. ಪ್ರಶ್ನೆಪತ್ರಿಕೆ 20 ಪಾಯಿಂಟ್ ಅಕ್ಷರದಲ್ಲಿ ಬೇಕು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಬೇಕು. ಕಿಟಕಿಯ ಬೆಳಕಿರುವ ಕೊಠಡಿ ಬೇಕು.” ಏನು, ಎಲ್ಲಿ, ಯಾವಾಗ ಎನ್ನುವುದು ಸ್ಪಷ್ಟವಿದ್ದರೆ ಸಾಕು, ಒಂದು ಪುಟ ಮೀರಬೇಕಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕದಲಬೇಡಿ. ಅದರ ಫೋಟೊ ಮೊಬೈಲಿನಲ್ಲಿರಲಿ.

5. ಲಿಪಿಕಾರರ ಜೊತೆ ತಾಲೀಮು ಮಾಡಿ

ಯುದ್ಧಕಾಲೇ ಶಸ್ತ್ರಾಭ್ಯಾಸ ಇಲ್ಲಿ ನಡೆಯುವುದಿಲ್ಲ. ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರ ಸಮಯವೇನೋ ಸಿಗುತ್ತದೆ. ಅದೆಲ್ಲ ಕಾಗುಣಿತ ಹೇಳಿಕೊಡುವುದರಲ್ಲೇ ಕರಗಿದರೆ ಏನು ಪ್ರಯೋಜನ? ಕನ್ನಡ ಐಚ್ಛಿಕ ತೆಗೆದುಕೊಂಡವರು ಪಂಪನ ಪದ್ಯವೊಂದನ್ನು ಬಾಯಲ್ಲಿ ಹೇಳಿ ಬರೆಸಿ ನೋಡಿ. ಒತ್ತಕ್ಷರ, ಮಹಾಪ್ರಾಣಗಳಲ್ಲಿ ಲಿಪಿಕಾರರು ಎಲ್ಲಿ ಎಡವುತ್ತಾರೆಂದು ಗೊತ್ತಾಗುತ್ತದೆ. ಅರ್ಥಶಾಸ್ತ್ರದವರು ನಕ್ಷೆ ಬಿಡಿಸಲು ಹೇಳಿ ನೋಡಲಿ. ಹೀಗೆ ಎರಡು ಹಳೆಯ ಪ್ರಶ್ನೆಪತ್ರಿಕೆಗಳನ್ನಾದರೂ ಪೂರ್ತಿ ಬರೆಸಿ. ಸ್ವತಃ ಬರೆಯುವವರಿಗೂ ಹೆಚ್ಚುವರಿ ಸಮಯದ ಹಕ್ಕಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

6. ನೋಟ್ಸ್ ಯೂನಿಕೋಡ್‌ನಲ್ಲಿ ಕೇಳಿ

ಇದು ಅಧ್ಯಾಪಕರು ಓದಬೇಕಾದ ಭಾಗ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಟಿಪ್ಪಣಿ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡವಾಗಿ ಕಾಣುತ್ತದೆ. ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕುವೆಂಪು ಕಾದಂಬರಿಯ ಟಿಪ್ಪಣಿಯನ್ನು ಪರದೆ ಓದುವ ತಂತ್ರಾಂಶದಲ್ಲಿ ಕೇಳಲು ಕೂತ ಅಂಧ ವಿದ್ಯಾರ್ಥಿನಿಯ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಅದೇ ಟಿಪ್ಪಣಿ ಯೂನಿಕೋಡ್‌ನಲ್ಲಿದ್ದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡದಲ್ಲೇ ಓದಿ ಹೇಳುತ್ತದೆ. ಪರಿವರ್ತಕಗಳಿವೆ, ಹಳೆಯ ಕಡತಗಳನ್ನು ಬದಲಾಯಿಸುವುದು ದೊಡ್ಡ ಕೆಲಸವಲ್ಲ. ವಾಟ್ಸ್ಆ್ಯಪ್‌ನಲ್ಲಿ ಓರೆಯಾಗಿ ತೆಗೆದ ಪುಟದ ಫೋಟೊ ಕಳಿಸಿ ‘ನೋಟ್ಸ್ ಕೊಟ್ಟಾಯಿತು’ ಎನ್ನಬೇಡಿ.

ಪಠ್ಯಪುಸ್ತಕ ಸ್ಕ್ಯಾನ್ ಮಾಡಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆಂಬ ಅಂಜಿಕೆಯೂ ಬೇಡ. 2012ರ ತಿದ್ದುಪಡಿಯ ನಂತರ, ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಕಾನೂನೇ ಅನುವು ಮಾಡಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಸದಸ್ಯರಾಗಿ.

7. ಕಿವಿ ಕೇಳದವರು ಮುಖ ಕಾಣುವಲ್ಲಿ ಕೂರಿ

ಬೋರ್ಡಿಗೆ ಮುಖ ಮಾಡಿ ಪಾಠ ಹೇಳಬೇಡಿ ಎಂದು ಮೇಷ್ಟ್ರಿಗೆ ಮೊದಲ ದಿನವೇ ಚೀಟಿ ಕೊಡಿ. ಮಾತನ್ನು ಅಕ್ಷರವಾಗಿಸುವ ಮೊಬೈಲ್ ಆ್ಯಪ್‌ಗಳು ಕನ್ನಡಕ್ಕೂ ಬಂದಿವೆ, ತಪ್ಪುಗಳಿದ್ದರೂ ಕೈಹಿಡಿಯುತ್ತವೆ. ಶ್ರವಣ ತಪಾಸಣೆ, ಸಲಹೆಗೆ 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

8. ವೇಳಾಪಟ್ಟಿ ಆಗುವ ಮೊದಲೇ ಕೊಠಡಿ ಕೇಳಿ

ಲಿಫ್ಟ್ ಕಟ್ಟಲು ಅನುದಾನ ಬರಬೇಕು, ನಿಜ. ತರಗತಿಯನ್ನು ಎರಡನೇ ಮಹಡಿಯಿಂದ ನೆಲಮಹಡಿಗೆ ಇಳಿಸಲು ಯಾವ ಅನುದಾನ ಬೇಕು? ವೇಳಾಪಟ್ಟಿ ಹಾಕುವವರನ್ನು ಹಿಡಿಯಿರಿ. ಶೌಚಾಲಯದ ಮಾತನ್ನೂ ಅರ್ಜಿಯಲ್ಲಿ ನಾಚದೆ ಬರೆಯಿರಿ. ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮರಳುವವರೆಗೆ ಗುಟುಕು ನೀರೂ ಕುಡಿಯದ ಗಾಲಿಕುರ್ಚಿಯ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಇಷ್ಟು ಕಾಲ ಇದನ್ನು ಸಹಿಸಿದ್ದೇವಲ್ಲ ಎಂದು ಅಧ್ಯಾಪಕರಾದ ನಮಗೆ ನೋವಾಗಬೇಕು.

9. ಆಪ್ತಸಮಾಲೋಚಕರ ಬಾಗಿಲು ಬೇಗ ತಟ್ಟಿ

ಧೈರ್ಯ ಹೇಳುವವರು ಎಲ್ಲೆಡೆ ಇದ್ದಾರೆ. “ನಿನ್ನನ್ನು ನೋಡಿ ಬೇರೆಯವರು ಕಲೀಬೇಕು” ಎನ್ನುವವರೂ ಸಾಕಷ್ಟು. ಆ ಮಾತಿನ ಭಾರವನ್ನೂ ಹೊತ್ತು ತಿರುಗುವ ವಿದ್ಯಾರ್ಥಿಗೆ, ದಣಿದಿದ್ದೇನೆ ಎಂದು ಹೇಳಿಕೊಳ್ಳಲು ಒಂದು ಜಾಗ ಬೇಕು. ಆಪ್ತಸಮಾಲೋಚನೆ ಅಂಥ ಜಾಗ. ಅಲ್ಲಿ ಆಡಿದ ಮಾತು ವಿಭಾಗಕ್ಕೋ ಮನೆಗೋ ತಲುಪುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ಗೌಪ್ಯತೆ ಕಾಪಾಡುವುದು ಅವರ ಕರ್ತವ್ಯ. ಓದಿನ ನಡುವೆ ಅಪಘಾತದಲ್ಲಿ ಕಾಲೋ ಕಣ್ಣೋ ಕಳೆದುಕೊಂಡವರು ಇದನ್ನು ಮುಂದೂಡಲೇಬಾರದು. ಕಳೆದದ್ದಕ್ಕೆ ಅಳುವುದಕ್ಕೂ ಸಮಯ ಬೇಕು. ಕಾಲೇಜಿನಲ್ಲಿ ಆಪ್ತಸಮಾಲೋಚಕರಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

10. ಇಲ್ಲವೆಂದರೆ ಅದನ್ನೂ ಬರೆದು ಕೊಡಲು ಹೇಳಿ

ಕಾಲೇಜಿನ ಸಮಾನ ಅವಕಾಶ ಘಟಕ, ಪ್ರಾಂಶುಪಾಲರು, ಮೌಲ್ಯಮಾಪನ ಕುಲಸಚಿವರು, ಕೊನೆಗೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರು: ಇದು ಮೆಟ್ಟಿಲು. ಎಲ್ಲವನ್ನೂ ಪರೀಕ್ಷೆಗೆ ಮುಂಚೆಯೇ ಹತ್ತಿ. 2021ರಲ್ಲಿ ನೀಟ್ ಬರೆದ ಡಿಸ್‌ಗ್ರಾಫಿಯಾದ ವಿದ್ಯಾರ್ಥಿನಿಯೊಬ್ಬಳಿಗೆ ಹೆಚ್ಚುವರಿ ಒಂದು ಗಂಟೆ ಕೊಡದೆ ಉತ್ತರಪತ್ರಿಕೆ ಕಿತ್ತುಕೊಂಡಿದ್ದರು. ಅದು ಅನ್ಯಾಯವೆಂದು ಸುಪ್ರೀಂ ಕೋರ್ಟೇ ಹೇಳಿತು, ಬೇರೆ ಪರಿಹಾರ ಯೋಚಿಸಲೂ ಸೂಚಿಸಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ.

11. ಕಡತವನ್ನು ಕಿರಿಯರಿಗೆ ದಾಟಿಸಿ

ಕೋರ್ಸ್ ಮುಗಿಸಿ ಹೊರಡುವ ದಿನ ನಿಮ್ಮ ಅರ್ಜಿಯ ಪ್ರತಿ, ಅದಕ್ಕೆ ಬಂದ ಆದೇಶ, ಒಪ್ಪಿಗೆಯಿದ್ದರೆ ಲಿಪಿಕಾರರ ಮೊಬೈಲ್ ನಂಬರ್, ಯೂನಿಕೋಡ್ ನೋಟ್ಸ್ ಇರುವ ಪೆನ್‌ಡ್ರೈವ್ ಇಷ್ಟನ್ನೂ ಒಂದು ಲಕೋಟೆಗೆ ಹಾಕಿ. ಜೂನಿಯರ್ ಯಾರೆಂದು ಇನ್ನೂ ಗೊತ್ತಿಲ್ಲದಿದ್ದರೆ ಸಮಾನ ಅವಕಾಶ ಘಟಕದ ಬೀರುವಿನಲ್ಲಿಡಿ, ಇಟ್ಟದ್ದಕ್ಕೂ ಸಹಿ ಹಾಕಿಸಿಕೊಳ್ಳಿ.